ಮಾವಿನ ಮೈಮೇಲಿನ ಹೂವು ರೋಗವಲ್ಲ

ಕಳೆದ ಯುಗಾದಿಯ ಮರುದಿನ ನಮ್ಮ ಮನೆತನದವರೆಲ್ಲ ಹರಿಹರದ ಹೊಳೆದಂಡೆಯ ಹಳೆಯ ಮಾವಿನ ತೋಟದಲ್ಲಿ ಸೇರಿದ್ದೆವು. ಇದನ್ನು ಓದುತ್ತಿರುವ ಬಂಧುಗಳಲ್ಲಿ ಹಲವರು ಅಂದು ಅಲ್ಲಿದ್ದಿರಿ. ಊಟ ಮುಗಿದು ಎಲೆಯಡಿಕೆಯ ತಟ್ಟೆ ಬರುವ ಹೊತ್ತಿಗೆ ತೋಟದ ಪಾಲಿನ ಮಾತು ಹೊರಟಿತು. ತಮ್ಮನ ಮಗನೊಬ್ಬ ಎದ್ದು ಹೋಗಿ, ಅಜ್ಜ ನೆಟ್ಟ ಮರವೊಂದರ ಕಾಂಡವನ್ನು ಉಗುರಿನಿಂದ ಕೆರೆದು, ಬೂದುಹಸಿರು ಬಣ್ಣದ ಹಕ್ಕಳೆಯೊಂದನ್ನು ತಂದು ನನ್ನ ಅಂಗೈಯಲ್ಲಿಟ್ಟ. “ನೋಡಿ ದೊಡ್ಡಪ್ಪ, ಮರಗಳಿಗೆಲ್ಲ ಕಜ್ಜಿ ಹತ್ತಿದೆ. ಇವುಗಳ ಆಯುಷ್ಯ ಮುಗಿಯಿತು. ಕಡಿಸಿ ಅಡಿಕೆ ಹಾಕೋಣ” ಎಂದ. ಕುಳಿತವರು ತಲೆದೂಗಿದರು. ನಾನು ಸುಮ್ಮನಿದ್ದೆ. ಮೌನವು ಸಮ್ಮತಿಯ ಲಕ್ಷಣವೆಂಬ ಮಾತು ನಮ್ಮಲ್ಲಿ ಬಳಕೆಯಲ್ಲಿದೆ. ಅಂದಿನ ನನ್ನ ಮೌನವು ಸಮ್ಮತಿಯಾಗಿರಲಿಲ್ಲವೆಂದು ತಿಳಿಸುವ ಸಲುವಾಗಿಯೇ ಈ ಬರಹ. ಮುಖಕ್ಕೆ ಮುಖ ಕೊಟ್ಟು ವಾದಿಸುವ ಕಸುವು ಎಂಬತ್ತು ದಾಟಿದ ಮೇಲೆ ಕಡಿಮೆಯಾಗುತ್ತದೆ. ಬರೆಯುವ ಕಸುವು ಇನ್ನೂ ಇದೆ.

ಮೊದಲು ಆ ಹಕ್ಕಳೆ ಏನೆಂಬುದನ್ನು ಹೇಳಿಬಿಡುತ್ತೇನೆ. ಅದು ಕಲ್ಲುಹೂವು. ನಮ್ಮ ಮನೆಗಳಲ್ಲಿ ಮಸಾಲೆ ಪುಡಿ ಕುಟ್ಟುವಾಗ ಚಕ್ಕೆ ಲವಂಗದೊಡನೆ ಹುರಿಯುತ್ತೇವಲ್ಲ, ಮುದುಡಿದ ಒಣ ಎಲೆಯಂತೆ ಕಾಣುವ ಆ ಕಪ್ಪು ಬಿಳುಪಿನ ಸಾಮಗ್ರಿ, ಅದರ ಬಳಗದ್ದೇ ಇದು. ದಾವಣಗೆರೆಯ ಯಾವ ಕಿರಾಣಿ ಅಂಗಡಿಯಲ್ಲಿ ಕೇಳಿದರೂ ಕಲ್ಲುಹೂವು ಸಿಗುತ್ತದೆ. ಹೆಸರಿನಲ್ಲಿ ಕಲ್ಲೂ ಇದೆ, ಹೂವೂ ಇದೆ. ಆದರೆ ಅದು ಹೂವಲ್ಲ, ಅಂಗಡಿಗೆ ಬರುವುದರಲ್ಲಿ ಬಹುಪಾಲು ಕಲ್ಲಿನ ಮೇಲಿನದೂ ಅಲ್ಲ, ಕಾಡುಮರಗಳ ತೊಗಟೆಯಿಂದ ಬಿಡಿಸಿದ್ದು. ನಮ್ಮ ಪಠ್ಯಪುಸ್ತಕಗಳು ಅದನ್ನು ಶಿಲಾವಲ್ಕವೆಂದೂ ಲೈಕೆನ್ ಎಂದೂ ಕರೆದವು. ಒಂದು ಶಿಲೀಂಧ್ರ ಮತ್ತು ಒಂದು ಪಾಚಿ ಒಂದೇ ದೇಹದಲ್ಲಿ ಸಂಸಾರ ಹೂಡಿದರೆ ಅದು ಲೈಕೆನ್. ಶಿಲೀಂಧ್ರವು ಮನೆಯನ್ನೂ ನೀರನ್ನೂ ಒದಗಿಸುತ್ತದೆ, ಪಾಚಿಯು ಬಿಸಿಲಿನಲ್ಲಿ ಅಡುಗೆ ಮಾಡುತ್ತದೆ. ಸ್ವಿಟ್ಜರ್‌ಲೆಂಡಿನ ಸೈಮನ್ ಶ್ವೆಂಡೆನರ್ ಎಂಬ ಸಸ್ಯವಿಜ್ಞಾನಿ 1867ರಲ್ಲಿ ಈ ಮಾತನ್ನು ಮೊದಲು ಹೇಳಿದಾಗ ಅಂದಿನ ವಿದ್ವಾಂಸರು ಅವನನ್ನು ಗೇಲಿ ಮಾಡಿದರು. ಒಂದೇ ಜೀವಿಯಂತೆ ಕಾಣುವುದು ಎರಡಾಗಿರಬಹುದೆಂಬುದನ್ನು ಒಪ್ಪಲು ಅವರಿಗೆ ದಶಕಗಳೇ ಬೇಕಾದವು.

ಹೈಸ್ಕೂಲಿನಲ್ಲಿ ನನ್ನ ಕೈಕೆಳಗೆ ವಿಜ್ಞಾನ ಕಲಿತವರಿಗೆ ಈ ಪಾಠ ನೆನಪಿರಬಹುದು. ಕಪ್ಪು ಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಿಂದ ಶಿಲೀಂಧ್ರದ ಎಳೆಗಳನ್ನೂ ಅವುಗಳ ನಡುವೆ ಹಸಿರು ಗುಂಡುಗಳನ್ನೂ ಬರೆದು, ‘ಸಹಜೀವನಕ್ಕೆ ಉತ್ತಮ ಉದಾಹರಣೆ’ ಎಂದು ಅಡಿಗೆರೆ ಎಳೆಯುತ್ತಿದ್ದೆ. ಎರಡು ಅಂಕದ ಪ್ರಶ್ನೆ. ಅಂದು ನಾನು ಹೇಳದೆ ಉಳಿಸಿಕೊಂಡ ಒಂದು ಸಂಗತಿಯನ್ನು ಇಂದು ಒಪ್ಪಿಕೊಳ್ಳಬೇಕಾಗಿದೆ. 1979ರ ಚಳಿಗಾಲದಲ್ಲಿ ಶಾಲೆಯ ತಪಾಸಣೆಗೆ ಅಧಿಕಾರಿಗಳು ಬರುವವರಿದ್ದರು. ಶಾಲೆಯಂಗಳದಲ್ಲಿ ಮೂರು ದೊಡ್ಡ ಮಾವಿನ ಮರಗಳಿದ್ದವು. ಅವುಗಳ ಕಾಂಡದ ಮೇಲೆ ರಂಗೋಲಿಯ ವೃತ್ತಗಳಂತೆ ಲೈಕೆನ್ ಹರಡಿಕೊಂಡಿತ್ತು. ನಾನೇ ಮುಂದೆ ನಿಂತು ಒಂಬತ್ತನೆಯ ತರಗತಿಯ ಹುಡುಗರಿಂದ ತೆಂಗಿನ ಚಿಪ್ಪಿನಲ್ಲಿ ಅದನ್ನೆಲ್ಲ ಹೆರೆಸಿ, ಎದೆಯೆತ್ತರಕ್ಕೆ ಸುಣ್ಣ, ಅದರ ಮೇಲೊಂದು ಕೆಮ್ಮಣ್ಣಿನ ಪಟ್ಟಿ ಬಳಿಸಿದೆ. ಮರುದಿನ ಅಧಿಕಾರಿಗಳ ಎದುರಿನಲ್ಲಿ ನಾನು ಮಾಡಿದ ಪಾಠ ಯಾವುದೆಂದು ಬಲ್ಲಿರಾ? ಇದೇ ಲೈಕೆನ್ ಪಾಠ! ಹತ್ತು ಹೆಜ್ಜೆಯ ಆಚೆಗೆ ಜೀವಂತವಾಗಿದ್ದುದನ್ನು ಕೆರೆದು ಕಸಕ್ಕೆ ಹಾಕಿಸಿ, ಅದರ ಚಿತ್ರವನ್ನು ಹಲಗೆಯ ಮೇಲೆ ಬರೆದು ತೋರಿಸಿದ್ದೆ. ‘ಪಾಠ ಬಹಳ ಚೆನ್ನಾಗಿತ್ತು’ ಎಂಬ ಷರಾ ಕೂಡ ದೊರೆಯಿತು. ಅಂದು ಚಿಪ್ಪು ಹಿಡಿದಿದ್ದ ಹುಡುಗರು ಇಂದು ತಾತಂದಿರಾಗಿದ್ದಾರೆ. ಅವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ತಪ್ಪು ನಿಮ್ಮದಾಗಿರಲಿಲ್ಲ, ಮೇಷ್ಟರದ್ದು.

ಆದ್ದರಿಂದ ನಮ್ಮ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನ ಮಾತಿನ ಮೇಲೆ ತಕರಾರಿದೆ. ಕಲ್ಲುಹೂವು ಮರದ ಕಜ್ಜಿಯಲ್ಲ. ಅದು ತೊಗಟೆಯ ಹೊರಪದರಕ್ಕೆ ಅಂಟಿಕೊಂಡಿರುತ್ತದೆಯೇ ಹೊರತು ಮರದ ರಸವನ್ನು ಹೀರುವುದಿಲ್ಲ. ಅದಕ್ಕೆ ಬೇಕಾದ ಆಹಾರವನ್ನು ಅದರ ಒಳಗಿನ ಪಾಚಿ ತಯಾರಿಸುತ್ತದೆ. ನೀರು ಮತ್ತು ಲವಣಗಳು ಮಳೆ, ಮಂಜು, ಗಾಳಿಯ ಧೂಳಿನಿಂದ ಬರುತ್ತವೆ. ಮಾವಿಗೆ ನಿಜವಾದ ಶತ್ರುಗಳಿಲ್ಲವೆಂದು ನಾನು ಹೇಳುತ್ತಿಲ್ಲ. ಬಂದಳಿಕೆ ಇದೆ. ಅದು ಕೊಂಬೆಯೊಳಗೆ ಬೇರಿಳಿಸಿ ರಸ ಕುಡಿಯುವ ಅಪ್ಪಟ ಪರಾವಲಂಬಿ. ಅದನ್ನು ಕಂಡಲ್ಲಿ ಕೊಂಬೆಸಮೇತ ಕತ್ತರಿಸಿ ತೆಗೆಯಬೇಕು. ಎಲೆಗಳ ಮೇಲೆ ತುಕ್ಕಿನ ಬಣ್ಣದ ಚುಕ್ಕೆಗಳಾಗಿ ಕಾಣುವ ಕೆಂಪು ತುಕ್ಕು ರೋಗವಿದೆ. ಅದನ್ನು ತರುವುದೂ ಒಂದು ಜಾತಿಯ ಪಾಚಿಯೇ, ಆದರೆ ಕಲ್ಲುಹೂವಿನೊಳಗಿನ ಪಾಚಿಯಲ್ಲ. ಕಳ್ಳನನ್ನು ಹಿಡಿಯಲಾರದೆ ಜಗಲಿಯಲ್ಲಿ ಕುಳಿತ ದಾರಿಹೋಕನನ್ನು ಬಡಿದಂತೆ, ನಾವು ಬಂದಳಿಕೆಯನ್ನು ಬಿಟ್ಟು ಕಲ್ಲುಹೂವನ್ನು ಕೆರೆಯುತ್ತಿದ್ದೇವೆ.

“ಸೊರಗಿದ ಮರಗಳ ಮೇಲೆಯೇ ಅದು ಹೆಚ್ಚಾಗಿ ಕಾಣುತ್ತದಲ್ಲ?” ಎಂದು ಅಂದು ಇನ್ನೊಬ್ಬರು ಕೇಳಿದಿರಿ. ಕೇಳಬೇಕಾದ ಪ್ರಶ್ನೆಯೇ. ಮರ ಮುಪ್ಪಾಗಿ ಎಲೆ ತೆಳುವಾದಾಗ ಕೊಂಬೆಗಳ ಮೇಲೆ ಬೆಳಕು ಬೀಳುತ್ತದೆ. ಬೆಳಕು ಬಿದ್ದಲ್ಲಿ ಕಲ್ಲುಹೂವು ಹರಡುತ್ತದೆ. ನನ್ನ ಬೋಳುತಲೆಯ ಮೇಲೆ ಬಿಸಿಲು ಬೀಳುವುದನ್ನು ಕಂಡು ಬಿಸಿಲಿನಿಂದಲೇ ಕೂದಲು ಉದುರಿತೆಂದು ಯಾರಾದರೂ ತೀರ್ಮಾನಿಸಿದರೆ ಒಪ್ಪುತ್ತೀರಾ? ಕಾರಣ ಯಾವುದು, ಪರಿಣಾಮ ಯಾವುದು ಎಂದು ಬಿಡಿಸಿ ನೋಡುವುದನ್ನು ಕಲಿಸಲಿಕ್ಕಾಗಿಯೇ ಅಲ್ಲವೇ ನಾವು ಶಾಲೆಗಳಲ್ಲಿ ವಿಜ್ಞಾನ ಬೋಧಿಸುವುದು?

ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣದ ವಿಷಯಕ್ಕೆ ಬರೋಣ. ಅದನ್ನು ನಾನು ದೂಷಿಸುವುದಿಲ್ಲ. ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ಅವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಡಿಕೆಯ ಕೊಳೆರೋಗಕ್ಕೆ ಈ ದ್ರಾವಣದ ಸಿಂಪಡಣೆಯನ್ನು ಬಳಕೆಗೆ ತಂದು ಮಲೆನಾಡಿನ ಬೆಳೆಗಾರರನ್ನು ಉಳಿಸಿದರು. ಆದರೆ ಅವರು ಮೊದಲು ರೋಗವನ್ನು ಅಧ್ಯಯನ ಮಾಡಿ, ಅದರ ಕಾರಣವನ್ನು ಗುರುತಿಸಿ, ಆಮೇಲೆ ಮದ್ದು ಹೊಡೆಸಿದರು. ನಾವು ಬಕೆಟ್ಟಿನಲ್ಲಿ ಉಳಿದದ್ದನ್ನು ವ್ಯರ್ಥ ಮಾಡಬಾರದೆಂದು ಮಾವಿನ ಕಾಂಡಕ್ಕೂ ಸುರಿಯುತ್ತೇವೆ! ತಾಮ್ರವು ಕಲ್ಲುಹೂವಿಗೆ ವಿಷ. ಅದಕ್ಕೆ ಬೇರಿಲ್ಲ, ಮೈಗೆ ಮೇಣದ ಹೊದಿಕೆಯಿಲ್ಲ. ಮೈಗೆ ತಾಗಿದ್ದನ್ನೆಲ್ಲ ಹೀರಿಕೊಳ್ಳುತ್ತದೆ. ಗುರುತಿಸಿದ ರೋಗಕ್ಕೆ ಮದ್ದು ಹೊಡೆಯಿರಿ. ಅಂದಕ್ಕಾಗಿ ಹೊಡೆಯಬೇಡಿ.

“ಕಡಿದರೇನಂತೆ, ಒಂದಕ್ಕೆ ಹತ್ತು ಸಸಿ ನೆಡೋಣ” ಎಂಬುದು ಎಲ್ಲರ ನಾಲಿಗೆಯ ತುದಿಯಲ್ಲಿರುವ ಸಮಾಧಾನ. ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಮೇಷ್ಟರ ಚಾಳಿ ಬಿಡದು. ಎಲೆಯಂತೆ ಹರಡುವ ಕಲ್ಲುಹೂವು ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುತ್ತದೆ. ಹಕ್ಕಳೆಯಂತೆ ಅಂಟಿಕೊಂಡವು ಅದಕ್ಕಿಂತಲೂ ನಿಧಾನ. ಅಂಚು ವರ್ಷಕ್ಕೆ 2 ಮಿಲಿಮೀಟರ್ ಮುಂದುವರಿಯುತ್ತದೆಂದು ಇಟ್ಟುಕೊಂಡರೆ 10 ಸೆಂಟಿಮೀಟರ್ ಅಗಲದ ವೃತ್ತಕ್ಕೆ 25 ವರ್ಷ ಬೇಕು. ಅಂದರೆ ಹುಡುಗ ಉಗುರಿನಿಂದ ಕೆರೆದು ನನ್ನ ಅಂಗೈಗೆ ಇಟ್ಟದ್ದು ಅವನ ಓರಗೆಯದೇ ಇದ್ದೀತು! ಅಲ್ಲದೆ ನೆಟ್ಟ ಸಸಿಯ ನುಣುಪು ತೊಗಟೆಯ ಮೇಲೆ ಬರುವ ಲೈಕೆನ್ನುಗಳೇ ಬೇರೆ, ಬಿರುಕು ಬಿಟ್ಟು ಒರಟಾದ ಮುದಿಮರದ ತೊಗಟೆಯ ಮೇಲಿನವೇ ಬೇರೆ. ಎಷ್ಟೋ ಜಾತಿಗಳು ತಮ್ಮ ಮೈಯ ಪುಡಿಯನ್ನೇ ಗಾಳಿಗೆ ತೂರಿ ಸಂತತಿ ಬೆಳೆಸುತ್ತವೆ. ಆ ಪುಡಿ ಹೋಗಿ ಕೂರಲು ಹತ್ತಿರದಲ್ಲಿ ಇನ್ನೊಂದು ಮರವಿರಬೇಕು. ಹಳೆಯದು ಸಾಯುವ ಮುನ್ನವೇ ಹೊಸದು ಬೆಳೆದಿರಬೇಕು. ಇಡೀ ತೋಟವನ್ನು ಒಂದೇ ವಾರದಲ್ಲಿ ನೆಲಸಮ ಮಾಡಿದರೆ ಈ ಸರಪಳಿ ತುಂಡಾಗುತ್ತದೆ. ಆಮೇಲೆ ಹತ್ತಲ್ಲ, ನೂರು ಸಸಿ ನೆಟ್ಟರೂ ಬರಬೇಕಾದ ಅತಿಥಿಯೇ ಉಳಿದಿರುವುದಿಲ್ಲ.

ಅಡಿಕೆಯ ಕಾಂಡದ ಮೇಲೂ ಬಿಳಿ ಮಚ್ಚೆಗಳಿರುತ್ತವೆ, ಅವೂ ಕಲ್ಲುಹೂವಲ್ಲವೇ ಎಂದು ಕೇಳುವವರಿದ್ದೀರಿ. ಹೌದು, ಅವೂ ಲೈಕೆನ್ನುಗಳೇ. ಅವುಗಳಲ್ಲಿ ಕೆಲವುಗಳ ಮೇಲೆ ಅಕ್ಷರ ಕಲಿಯುವ ಮಗುವಿನ ಗೀಚಿನಂತೆ ಕಪ್ಪು ಗೆರೆಗಳಿರುತ್ತವೆ. ಅದಕ್ಕಾಗಿಯೇ ಆ ಕುಲಕ್ಕೆ ಬರವಣಿಗೆಯೆಂಬ ಅರ್ಥದ ಗ್ರೀಕ್ ಮೂಲದಿಂದ ‘ಗ್ರಾಫಿಸ್’ ಎಂಬ ಹೆಸರಿಟ್ಟಿದ್ದಾರೆ. ಆದರೆ ಒಂದೇ ಎತ್ತರದ, ಒಂದೇ ವಯಸ್ಸಿನ, ನುಣುಪಾದ, ಬಿಸಿಲಿಗೆ ಸೀಯಬಾರದೆಂದು ಸುಣ್ಣ ಬಳಿಸಿಕೊಂಡ ಸಾವಿರ ಕಂಬಗಳು, ಬಿರುಕು, ಪೊಟರೆ, ಬಾಗಿದ ಕೊಂಬೆ, ನೆರಳು, ಬೆಳಕು ಎಲ್ಲವೂ ಇರುವ ಒಂದು ಮುದಿ ಮಾವಿಗೆ ಸಮವಾಗಲಾರವು. ಚಿಕ್ಕ ಚಿತ್ರಪಕ್ಷಿಯು ತನ್ನ ಪುಟ್ಟ ಬಟ್ಟಲಿನಂಥ ಗೂಡಿನ ಹೊರಮೈಗೆ ಜೇಡರ ಬಲೆಯಿಂದ ತೊಗಟೆಯ ಚೂರುಗಳನ್ನೂ ಕಲ್ಲುಹೂವನ್ನೂ ಅಂಟಿಸಿ, ಗೂಡು ಕೊಂಬೆಯ ಗಂಟಿನಂತೆ ಕಾಣುವ ಹಾಗೆ ಮಾಡುತ್ತದೆ. ಸುಣ್ಣದ ಕಂಬದಲ್ಲಿ ಅದು ಏನನ್ನು ಹುಡುಕಬೇಕು?

ಮರಕ್ಕೆ ಮರ ಸಮವೆಂಬ ವಾದವನ್ನು ನಮ್ಮ ಸೀಮೆಯ ಜನ ಹಿಂದೊಮ್ಮೆ ತಿರಸ್ಕರಿಸಿದ್ದರೆಂಬುದನ್ನು ಕಿರಿಯರಿಗೆ ನೆನಪಿಸಬೇಕು. ಎಂಬತ್ತರ ದಶಕದಲ್ಲಿ ನಾರುಗಿರಣಿಯ ಕಚ್ಚಾವಸ್ತುವಿಗಾಗಿ ಹಳ್ಳಿಗಳ ಸಾಮೂಹಿಕ ಭೂಮಿಯಲ್ಲಿ ನೀಲಗಿರಿ ಬೆಳೆಸಲು ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಹುಟ್ಟಿಕೊಂಡಿತು. 1987ರ ನವೆಂಬರ್ 14ರಂದು, ಆಗ ಧಾರವಾಡ ಜಿಲ್ಲೆಗೆ ಸೇರಿದ್ದ ಕುಸನೂರಿನಲ್ಲಿ, ಸಮಾಜ ಪರಿವರ್ತನ ಸಮುದಾಯದ ನೇತೃತ್ವದಲ್ಲಿ ರೈತರು ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ನಡೆಸಿದರು. ನೀಲಗಿರಿಯನ್ನು ಕಿತ್ತು, ತಮಗೆ ಉಪಯೋಗಕ್ಕೆ ಬರುವ ಸಸಿಗಳನ್ನು ನೆಟ್ಟರು. ಹಸಿರಾಗಿ ಕಂಡದ್ದೆಲ್ಲ ಕಾಡಲ್ಲವೆಂಬುದನ್ನು ಆ ರೈತರು ಅಂದೇ ಅರಿತಿದ್ದರು. ಅವರ ನೆರೆಯವರಾದ ನಾವು ಇಂದು ಮರೆಯಬಹುದೇ?

ಇನ್ನು ಗಾಳಿಯ ಮಾತು. 1866ರಲ್ಲಿ ವಿಲಿಯಂ ನೈಲಾಂಡರ್ ಎಂಬ ವಿಜ್ಞಾನಿ, ಪ್ಯಾರಿಸ್ ನಗರದಲ್ಲಿ ಬೇರೆಡೆ ಇಲ್ಲದ ಲೈಕೆನ್ನುಗಳು ಲಕ್ಸೆಂಬರ್ಗ್ ಉದ್ಯಾನದ ಮರಗಳ ಮೇಲಿರುವುದನ್ನು ಕಂಡು, ಇವು ಗಾಳಿಯ ಶುದ್ಧಿಯನ್ನು ಅಳೆಯುವ ಮಾಪಕಗಳೆಂದು ಬರೆದ. ಗಂಧಕದ ಹೊಗೆಗೆ ಅನೇಕ ಲೈಕೆನ್ನುಗಳು ಮೊದಲು ಬಲಿಯಾಗುತ್ತವೆಂಬುದು ಆಮೇಲೆ ದೃಢಪಟ್ಟಿತು. ನಮ್ಮ ಬೆಂಗಳೂರಿನಲ್ಲೂ ಲಾಲ್‌ಬಾಗನ್ನು ಮುಖ್ಯವಾಗಿಟ್ಟುಕೊಂಡು ಲೈಕೆನ್ನುಗಳ ಹಂಚಿಕೆಯನ್ನೂ ಅವುಗಳಲ್ಲಿ ಸೇರಿಕೊಂಡ ಭಾರಲೋಹಗಳನ್ನೂ ಅಭ್ಯಸಿಸಿ, ಲಖನೌದ ವಿಜ್ಞಾನಿಗಳು ಮತ್ತು ಮಾಧವ ಗಾಡ್ಗೀಳರು 2003ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಬಂಧ ಪ್ರಕಟಿಸಿದರು. ನಮ್ಮ ದಾವಣಗೆರೆಯೋ, 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಗಾಳಿಯ ಗುಣಮಟ್ಟ ಸಾಲದ ರಾಜ್ಯದ ನಾಲ್ಕು ನಗರಗಳ ಸಾಲಿಗೆ ಸೇರಿತು. ಉಳಿದ ಮೂರು ಬೆಂಗಳೂರು, ಹುಬ್ಬಳ್ಳಿ-ಧಾರವಾಡ ಮತ್ತು ಕಲಬುರಗಿ. ಒಂದು ಎಚ್ಚರಿಕೆಯನ್ನೂ ಹೇಳಬೇಕು. ಪಿಕ್ಸಿನ್ ಕೊಕೋಸ್‌ನಂಥ ಗಟ್ಟಿಜೀವಗಳು ಪೇಟೆಯ ಧೂಳನ್ನೂ ಸಹಿಸಿಕೊಂಡು ಬದುಕುತ್ತವೆ. ಬೀದಿಮರದ ಮೇಲೆ ನಾಲ್ಕು ಬೂದಿಮಚ್ಚೆ ಕಂಡ ಮಾತ್ರಕ್ಕೆ ಎಲ್ಲವೂ ಕ್ಷೇಮವೆಂದು ನಂಬಬಾರದು. ನಾಜೂಕಿನವು ಎಲ್ಲಿ ಉಳಿದಿವೆ, ಎಲ್ಲಿ ಅಳಿದಿವೆ ಎಂಬುದೇ ಮುಖ್ಯ. ಆ ಹೋಲಿಕೆಗೆ ಊರ ಹೊರಗಿನ ಹಳೆಯ ತೋಟಗಳು ಬೇಕು. ಅವನ್ನು ಕಡಿದರೆ ಸಾಕ್ಷಿಯನ್ನೇ ಕೊಂದಂತೆ.

“ಇದೇನು ಅಳಿವಿನಂಚಿನ ಜೀವಿಯೇ? ಯಾವ ಪಟ್ಟಿಯಲ್ಲಿದೆ?” ಎಂದು ಓದಿದವರೇ ಕೇಳುತ್ತಾರೆ. ಪಟ್ಟಿಯ ಕಥೆಯನ್ನೂ ಕೇಳಿ. ಭಾರತದಲ್ಲಿ 2,300ಕ್ಕೂ ಹೆಚ್ಚು ಜಾತಿಯ ಲೈಕೆನ್ನುಗಳಿರುವುದನ್ನು 2010ರಲ್ಲಿ ಪ್ರಕಟವಾದ ಸೂಚಿ ದಾಖಲಿಸಿತು. ಆಮೇಲೆಯೂ ಹೊಸವು ಸೇರುತ್ತಲೇ ಬಂದಿವೆ. ಲಖನೌದ ಡಿ. ಡಿ. ಅವಸ್ಥಿಯವರಂಥವರು ಜೀವಮಾನವನ್ನೇ ಇದಕ್ಕೆ ಸವೆಸಿದರು. ಆದರೆ ಜಗತ್ತಿನ ಅಪಾಯದಂಚಿನ ಜೀವಿಗಳ ಕೆಂಪು ಪಟ್ಟಿಯಲ್ಲಿ ಬಹುಕಾಲ ಇದ್ದದ್ದು ಎರಡೇ ಎರಡು ಲೈಕೆನ್ನುಗಳು. ಇಂದಿಗೂ ಬಹುಪಾಲು ಜಾತಿಗಳ ಸ್ಥಿತಿಯನ್ನು ಯಾರೂ ಪರೀಕ್ಷಿಸಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಹುಡುಗ ಶಾಲೆ ಬಿಟ್ಟರೆ ಯಾರ ಲೆಕ್ಕಕ್ಕೂ ಬರುವುದಿಲ್ಲ. ಹಾಗೆಂದು ಅವನು ಶಾಲೆ ಬಿಡಲಿಲ್ಲವೆಂದು ಹೇಳಬಹುದೇ? ಇಂಗ್ಲೆಂಡಿನಲ್ಲಿ ಹಳೆಯ ಹಣ್ಣಿನ ತೋಟಗಳನ್ನು 2007ರಲ್ಲಿ ಆದ್ಯತೆಯಿಂದ ಕಾಪಾಡಬೇಕಾದ ಜೀವನೆಲೆಗಳೆಂದು ಮಾನ್ಯ ಮಾಡಿದರು. ಅದೇ ವರ್ಷ ಹೆರ್ಫರ್ಡ್‌ಷೈರ್‌ನ ತೋಟವೊಂದರಲ್ಲಿ, ಆ ದೇಶದಿಂದ ಅಳಿದೇಹೋಯಿತೆಂದು ಭಾವಿಸಿದ್ದ ಚಿನ್ನದ ಕಣ್ಣಿನ ಲೈಕೆನ್ ಮತ್ತೆ ಕಾಣಿಸಿಕೊಂಡಿತು. ತೋಟ ಉಳಿದಿತ್ತು, ಆದ್ದರಿಂದ ಅದೂ ಸಿಕ್ಕಿತು. ನಮ್ಮ ರಾಜ್ಯವೂ ಹಿಂದೆ ಬಿದ್ದಿಲ್ಲ. ದೇವನಹಳ್ಳಿಯ ಬಳಿಯ ನಲ್ಲೂರಿನ ಹುಣಸೆತೋಪು 2007ರಲ್ಲಿ ದೇಶದ ಮೊತ್ತಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾಯಿತು. ಮುದಿ ಹುಣಸೆಗೆ ಸಲ್ಲುವ ಮರ್ಯಾದೆ ಮುದಿ ಮಾವಿಗೆ ಏಕೆ ಸಲ್ಲಬಾರದು?

ಎಲ್ಲ ಕಲ್ಲುಹೂವನ್ನೂ ಎಲ್ಲ ಕಡೆಯೂ ಪೂಜಿಸಿರೆಂದು ನಾನು ಹೇಳುವುದಿಲ್ಲ. 1224ರಲ್ಲಿ ಹೊಯ್ಸಳರ ಕಾಲದಲ್ಲಿ ಪೋಲಾಳ್ವ ದಂಡನಾಯಕ ಕಟ್ಟಿಸಿದ ಹರಿಹರೇಶ್ವರನ ಗುಡಿಯ ಶಾಸನದ ಮೇಲೆ ಅದು ಬೆಳೆದರೆ ಬಲ್ಲವರು ತೆಗೆಯಲಿ. ಅಲ್ಲಿ ಅಕ್ಷರ ಉಳಿಯಬೇಕು. ಅಡಿಕೆಯ ಆದಾಯವನ್ನೂ ನಾನು ಅಲ್ಲಗಳೆಯುವುದಿಲ್ಲ. ಮಾವು ಒಂದು ವರ್ಷ ಬಿಟ್ಟರೆ ಇನ್ನೊಂದು ವರ್ಷ ಕೈಕೊಡುತ್ತದೆ, ಅಡಿಕೆ ಮಕ್ಕಳ ಓದಿಗೆ ಆಧಾರವಾಗುತ್ತದೆ. ನಮ್ಮ ಮನೆಯ ಹುಡುಗಿಯರು ಎಂಜಿನಿಯರಾದದ್ದು ಅಡಿಕೆಯ ದುಡ್ಡಿನಿಂದಲೇ. ಆದರೆ 2023ರ ಬರದ ನಂತರ, 2024ರ ಬೇಸಿಗೆಯಲ್ಲಿ ನಮ್ಮ ಜಿಲ್ಲೆಯ ಬೆಳೆಗಾರರು ಟ್ಯಾಂಕರ್ ನೀರು ಕೊಂಡು ತೋಟಗಳನ್ನು ಉಳಿಸಿಕೊಳ್ಳಲು ಪಟ್ಟ ಪಾಡನ್ನು ಎಲ್ಲರೂ ಕಂಡಿದ್ದೀರಿ. ಅದೇ ಬೇಸಿಗೆಯಲ್ಲಿ ಅಜ್ಜನ ಮಾವಿಗೆ ಯಾರೂ ಒಂದು ಕೊಡ ನೀರು ಹಾಕಲಿಲ್ಲ. ಅವು ನಿಂತೇ ಇದ್ದವು.

ಹಾಗಾದರೆ ಮಾಡಬೇಕಾದುದೇನು? ತೋಟವಿರುವ ನನ್ನ ವಿದ್ಯಾರ್ಥಿಗಳಿಗೆ ಇಷ್ಟು ಹೇಳುತ್ತೇನೆ. ಮುದಿಮರದ ತೊಗಟೆಯನ್ನು ಹೆರೆಯಬೇಡಿ, ಸುಣ್ಣ ಮೈಲುತುತ್ತ ಬಳಿಯಬೇಡಿ. ಬಂದಳಿಕೆಯನ್ನು ಮಾತ್ರ ಕತ್ತರಿಸಿ. ಕಡಿಯಲೇಬೇಕಾದರೆ ಸಾಲುಸಾಲಾಗಿ, ವರ್ಷಗಳ ಅಂತರದಲ್ಲಿ ಕಡಿಯಿರಿ. ಹಳೆಯದರ ಪಕ್ಕದಲ್ಲಿ ಹೊಸ ಮಾವಿನ ಸಸಿ ಎದ್ದುನಿಂತ ಮೇಲೆ ಹಳೆಯದನ್ನು ಮುಟ್ಟಿ. ಅಂಚಿನ ಮರಗಳನ್ನು ಬಿಟ್ಟುಬಿಡಿ. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ 2002ರ ಜೀವವೈವಿಧ್ಯ ಕಾಯ್ದೆಯಂತೆ ಒಂದು ಸಮಿತಿಯೂ ಜನತಾ ಜೀವವೈವಿಧ್ಯ ದಾಖಲೆಯೂ ಇರಬೇಕು. ಹೋಗಿ ಕೇಳಿ, ನಿಮ್ಮ ತೋಟದ ಮುದಿಮರಗಳನ್ನು ಅದರಲ್ಲಿ ಬರೆಸಿ. ಮೇಷ್ಟರಾಗಿರುವವರು ಪ್ರತಿ ವರ್ಷ ಒಂದೇ ದಿನ, ಒಂದೇ ವೃತ್ತದ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಹಿಡಿದು ಮಕ್ಕಳಿಂದ ಫೋಟೋ ತೆಗೆಸಿ. ಹತ್ತು ವರ್ಷದಲ್ಲಿ ಅದೊಂದು ಬೆಲೆಬಾಳುವ ದಾಖಲೆಯಾಗುತ್ತದೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಸಂಶೋಧಕರು ಭದ್ರಾ ಅಭಯಾರಣ್ಯದ ಲೈಕೆನ್ನುಗಳನ್ನು ಅಭ್ಯಸಿಸಿದ್ದಾರೆ. ನಮ್ಮ ಬಯಲುಸೀಮೆಯ ತೋಟಗಳಿಗೂ ಅಂಥವರನ್ನು ಕರೆತರುವುದು ತೊಳಹುಣಸೆಯ ದಾವಣಗೆರೆ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವ ನಿಮ್ಮ ಮಕ್ಕಳಿಗೆ ಕಷ್ಟದ ಕೆಲಸವೇನಲ್ಲ.

ಕೊನೆಯದಾಗಿ ನನ್ನ ಮನೆಯವರಿಗೆ. ನಮ್ಮ ತೋಟದ ಉತ್ತರದ ಅಂಚಿನಲ್ಲಿ, ಹೊಳೆಯ ಕಡೆಗೆ, ಹನ್ನೊಂದು ಮಾವಿನ ಮರಗಳಿವೆ. ಪಂಪ್‌ಸೆಟ್ಟಿನ ನೀರು ಅಲ್ಲಿಗೆ ಏರುವುದಿಲ್ಲ. ಪಾಲಿನಲ್ಲಿ ಅದನ್ನು ಬೇಡುವವರು ಯಾರೂ ಇಲ್ಲ. ಆ ಅಂಚು ನನ್ನ ಪಾಲಿಗೆ ಬರಲಿ. ಅದಕ್ಕೆ ಬದಲಾಗಿ ಕಾಲುವೆಯ ಬದಿಯಲ್ಲಿ ನನಗೆ ಬರಬೇಕಾದುದನ್ನು ಬಿಟ್ಟುಕೊಡುತ್ತೇನೆ. ನೀವೇ ಅಲ್ಲಿ ಅಡಿಕೆ ಹಾಕಿಕೊಳ್ಳಿ, ನನ್ನ ಆಶೀರ್ವಾದವಿದೆ. ನನ್ನ ಮಕ್ಕಳಿಗೆ ಈ ಮಾತನ್ನು ಮೊದಲೇ ತಿಳಿಸಿ ಒಪ್ಪಿಗೆ ಪಡೆದಿದ್ದೇನೆ. ನನ್ನ ನಂತರವೂ ಆ ಹನ್ನೊಂದು ಮರಗಳು ತಾವಾಗಿ ಬೀಳುವವರೆಗೆ ಯಾರೂ ಕೊಡಲಿ ಹಾಕಬಾರದೆಂಬ ಒಂದು ಸಾಲು ಪಾಲುಪಟ್ಟಿಯಲ್ಲಿ ಸೇರಬೇಕು. ಅಷ್ಟೇ ನನ್ನ ಬೇಡಿಕೆ.

ಅಂಗೈಯಲ್ಲಿಟ್ಟಿದ್ದ ಆ ಹಕ್ಕಳೆಯನ್ನು ನಾನು ಎಸೆಯಲಿಲ್ಲ. ಲಕೋಟೆಯಲ್ಲಿ ಹಾಕಿ ತಂದಿದ್ದೇನೆ. ನಿನ್ನೆ ಅದರ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿದೆ; ಬೂದುಬಣ್ಣ ಕರಗಿ ನಿಮಿಷದೊಳಗೆ ಹಸಿರು ಮೇಲೆದ್ದಿತು. ಅದನ್ನು ಕೆರೆದ ಹುಡುಗ ಮುಂದಿನ ಭಾನುವಾರ ಮನೆಗೆ ಬರುವೆನೆಂದಿದ್ದಾನೆ. ನಾನೇನೂ ಹೇಳುವುದಿಲ್ಲ. ನೀರಿನ ಲೋಟವನ್ನೂ ಲಕೋಟೆಯನ್ನೂ ಅವನ ಮುಂದಿಡುತ್ತೇನೆ.